ಬುಟ್ಟಿ ಬರಿದು ಮಾಡಬಾರದು

ನನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿರುವ ಕಸದ ಬುಟ್ಟಿ ಸದಾ ತುಂಬಿರುತ್ತದೆ. ಬೇಡವಾದ ಫೋಟೊ, ಹಳೆಯ ಪ್ರಶ್ನೆಪತ್ರಿಕೆ, ಇಲಾಖೆಯ ಸುತ್ತೋಲೆ, ಮಗಳು ಸಣ್ಣವಳಿದ್ದಾಗ ಬಿಡಿಸಿದ ನಾಲ್ಕು ಕಾಲಿನ ಕೋಳಿ, ಎಲ್ಲವೂ ಅದರಲ್ಲಿ ಬಿದ್ದುಕೊಂಡಿವೆ. ಮಗಳಿಗೆ ಇದನ್ನು ಕಂಡರೆ ಮೈಯೆಲ್ಲ ಉರಿ.

"ಮಮ್ಮಿ, ಬಿನ್ ಖಾಲಿ ಮಾಡು ಅಂತ ಎಷ್ಟ ಸಲ ಹೇಳ್ಬೇಕು? ಮಶೀನ್ ತೆವಳಾಕ ಹತ್ತೇತಿ ನೋಡು."

"ಇರ್ಲಿ ಬಿಡವಾ, ಏನ್ ಅನ್ನ ಕೇಳತೈತೇನು ಅದು?"

"ಕಸ ಕೂಡಿಟ್ಟುಕೊಂಡು ಕುಂತವರನ್ನ ನಾ ಎಲ್ಲೂ ನೋಡಿಲ್ಲ" ಎಂದು ಗೊಣಗುತ್ತ ಅವಳು ಎದ್ದು ಹೋಗುತ್ತಾಳೆ. ಅವಳು ಹೇಳುವುದು ಸರಿಯೇ. ನಾನೂ ಒಂದೆರಡು ಸಲ ಧೈರ್ಯ ಮಾಡಿದ್ದುಂಟು. ಆದರೆ 'ಖಾಲಿ ಮಾಡಲೇ?' ಎಂದು ಅದು ಕೇಳಿದ ಕೂಡಲೇ ಶರಣಪ್ಪ ಸರ್ ಕಣ್ಣ ಮುಂದೆ ಬಂದು ನಿಂತುಬಿಡುತ್ತಾರೆ. ಕೈ ಹಿಂದಕ್ಕೆ ಬರುತ್ತದೆ.

ಶರಣಪ್ಪ ಸರ್ ನಾನು ಮೊದಲು ಶಿಕ್ಷಕಿಯಾಗಿ ಸೇರಿದ ಊರಿನ ಗ್ರಂಥಪಾಲಕರು. ಯಲಬುರ್ಗಾ ಕಡೆಯ ಊರು. ಹೆಸರು ಹೇಳಿದರೆ ಯಾರಾದರೂ ಹೋಗಿ ಅವರ ಕಿವಿಗೆ ಹಾಕಿಯಾರು, ನಿವೃತ್ತರಾಗಿ ಆರಾಮ ಇರುವ ಮನುಷ್ಯನಿಗೆ ಯಾಕೆ ಮುಜುಗರ ಎಂದು ಬಿಡುತ್ತೇನೆ. ಕೊಪ್ಪಳ ಬೇರೆ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದವು. ಹೊಸದಾಗಿ ಮನೆ ಹೂಡಿದವರಿಗೆ ಒಂದೊಂದೇ ಪಾತ್ರೆ ಬರುವ ಹಾಗೆ ನಮ್ಮ ಕಡೆಗೂ ಒಂದೊಂದೇ ಸಾಮಾನು ಬರುತ್ತಿತ್ತು. ಹಾಗೆ ಒಂದು ದಿನ ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂತು. ಹಿಂದೆಯೇ ಫೋನಿನ ತಂತಿ ಹಿಡಿದುಕೊಂಡು ಇಂಟರ್‌ನೆಟ್ಟೂ ಬಂತು. ಸರ್ ಅದಕ್ಕೆ ವಿಭೂತಿ, ಕುಂಕುಮ ಹಚ್ಚಿ, ನೀರು ಸಿಡಿದೀತೆಂದು ಕಾಯಿಯನ್ನು ಮಾತ್ರ ಅಂಗಳದಲ್ಲೇ ಒಡೆದು, ಪುಸ್ತಕದ ಕಪಾಟುಗಳ ಹಿಂದಿದ್ದ ಸಣ್ಣ ಕೋಣೆಯಲ್ಲಿ ಅದನ್ನು ಕೂಡಿಸಿದರು.

ಆಮೇಲೆ ನಿಯಮಗಳು ಹುಟ್ಟಿದವು. ಕಂಪ್ಯೂಟರ್ ಒಂದೇ, ನಿಯಮಗಳು ಮಾತ್ರ ಕೋಣೆಯ ಗೋಡೆ ತುಂಬ. ಬಸ್ಸುಗಳಿಗೆ ಊರ ಹೆಸರು ಬರೆಯುವ ಪೇಂಟರನಿಂದ ನೀಲಿ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆಸಿದ್ದರು. ಪೇಂಟರನಿಗೆ ಜಾಗ ಸಾಲದೆ ಎರಡು ನಿಯಮ ಒಂದರೊಳಗೊಂದು ಸೇರಿ 'ಇಂಟರ್‌ನೆಟ್ಟಿನಲ್ಲಿ ಉಗುಳಬಾರದು' ಎಂದಾಗಿತ್ತು. ಒಬ್ಬರು ಕೂತಿದ್ದಾಗ ಇನ್ನೊಬ್ಬರು ಹಿಂದೆ ನಿಂತು ಇಣುಕುವಂತಿಲ್ಲ. ಹೊರಗಿನ ಫ್ಲಾಪಿ ಒಳಗೆ ತರುವಂತಿಲ್ಲ. ಮಾತಾಡುವಂತಿಲ್ಲ. ಬೇರೆಯವರ ಫೈಲು ತೆಗೆಯುವಂತಿಲ್ಲ. ಚಪ್ಪಲಿ, ಬೂಟು ಹೊರಗೇ ಬಿಡಬೇಕು. ಎಲ್ಲದರ ಕೆಳಗೆ, ದಪ್ಪ ಅಕ್ಷರದಲ್ಲಿ, 'ಬುಟ್ಟಿ ಬರಿದು ಮಾಡಬಾರದು'.

ಈ ಕೊನೆಯದು ಮಾತ್ರ ಯಾರಿಗೂ ತಿಳಿಯಲಿಲ್ಲ. ಬಾಗಿಲ ಪಕ್ಕದಲ್ಲಿ ಒಂದು ತಗಡಿನ ಕಸದ ಬುಟ್ಟಿ ಇತ್ತು, ಅದರ ಬಗ್ಗೆಯೇ ಇರಬೇಕು ಎಂದುಕೊಂಡಿದ್ದೆವು. ಕಸ ಹೊಡೆಯುವ ದ್ಯಾಮವ್ವನೂ ಹಾಗೇ ತಿಳಿದು ಅದನ್ನು ಮುಟ್ಟುತ್ತಲೇ ಇರಲಿಲ್ಲ. ಅದು ತುಂಬಿ, ಉಕ್ಕಿ, ಕಾಗದದ ಉಂಡೆಗಳೆಲ್ಲ ಕೋಣೆ ತುಂಬ ಓಡಾಡುತ್ತಿದ್ದವು. "ಯಾಕವಾ ದ್ಯಾಮವ್ವ, ಇದನ್ನ ಚೆಲ್ಲಬಾರದೇನು?" ಎಂದು ಸರ್ ಕೇಳಿದರೆ, "ನೀವ ಬೋರ್ಡಿನ್ಯಾಗ ಬರಸೀರಲ್ರಿ, ನನಗ್ಯಾಕ ಬೈತೀರಿ?" ಎನ್ನುತ್ತಿದ್ದಳು. ಸರ್ ತಾವೇ ಬಗ್ಗಿ ಉಂಡೆಗಳನ್ನು ಆರಿಸಿ ಮತ್ತೆ ಬುಟ್ಟಿಗೆ ತುರುಕುತ್ತಿದ್ದರು. ನಾನು ಈ ಬೋರ್ಡಿನ ಕಥೆ ಹೇಳಿ ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ನಗಿಸಿದ್ದೇನೋ ಲೆಕ್ಕವಿಲ್ಲ.

ಹಾಗೆಂದು ನಾನೇನು ದೊಡ್ಡ ಪಂಡಿತಳಲ್ಲ. ಇಂಟರ್‌ನೆಟ್ಟಿನ ಮುಂದೆ ಮೊದಲ ಸಲ ಕೂತಾಗ ಏನು ಹುಡುಕಬೇಕೆಂದು ತಿಳಿಯದೆ ನನ್ನ ಊರಿನ ಹೆಸರು ಹಾಕಿದೆ. ನನ್ನ ಊರು ಮಂಗಳೂರು. ನಮ್ಮ ಯಲಬುರ್ಗಾ ಕಡೆಯ ಮಂಗಳೂರು, ಜೋಳದ ಹೊಲಗಳ ನಡುವಿನದು. ತೆರೆಯ ಮೇಲೆ ಒಂದು ಚಿತ್ರ ಮೇಲಿನಿಂದ ಇಷ್ಟಿಷ್ಟೇ ಇಳಿಯತೊಡಗಿತು. ಮೊದಲು ಆಕಾಶ, ಅದರ ಕೆಳಗೆ ನೀಲಿ, ಅದರ ಕೆಳಗೆ ಇನ್ನೂ ನೀಲಿ, ಕೊನೆಗೆ ಒಂದು ಹಡಗು. ಅಂದು ನನ್ನ ಜೊತೆ ನೀಲಮ್ಮತ್ತಿ ಬಂದಿದ್ದಳು. ಅವಳು ಕಣ್ಣು ಕಿರಿದು ಮಾಡಿ ನೋಡಿ, "ನಮ್ಮೂರ ಕೆರಿ ಯಾವಾಗ ಇಷ್ಟ ತುಂಬಿತ್ತವಾ? ನನಗ್ಯಾರೂ ಹೇಳೇ ಇಲ್ಲಲ್ಲ!" ಎಂದಳು.

ನೀಲಮ್ಮತ್ತಿ ಎಂದರೆ ನನ್ನಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲೇ ಇದ್ದಳು, ನನ್ನನ್ನು ಎತ್ತಿ ಆಡಿಸಿದವಳು. ಓದು ಬಾರದು. ಆದರೆ ಒಡಪು ಹೇಳುವುದರಲ್ಲಿ ಅವಳನ್ನು ಹಿಂದೆ ಹಾಕುವವರು ಸುತ್ತಿನ ಊರುಗಳಲ್ಲಿ ಇರಲಿಲ್ಲ. ನಮ್ಮ ಕಡೆ ಗಂಡನ ಹೆಸರನ್ನು ಹೆಂಗಸರು ಬರೇ ಬಾಯಲ್ಲಿ ಹೇಳುವುದಿಲ್ಲ, ಪದ ಕಟ್ಟಿ ಅದರೊಳಗೆ ಹೆಸರಿಟ್ಟು ಹೇಳುತ್ತಾರೆ. ಅದೇ ಒಡಪು. ಮದುಮಗಳು ಮೊದಲ ಸಲ ಗಂಡನ ಮನೆಗೆ ಬಂದಾಗಲಂತೂ ಹೊಸ್ತಿಲಲ್ಲಿ ಹೆಂಗಸರು ಅಡ್ಡ ನಿಲ್ಲುತ್ತಾರೆ. ಒಡಪು ಹೇಳದೆ ಒಳಗೆ ಬಿಡುವುದಿಲ್ಲ. ಮದುವೆ ಗೊತ್ತಾದ ಹುಡುಗಿಯರು ಹುಡುಗನ ಹೆಸರು ಹಿಡಿದುಕೊಂಡು ಅತ್ತಿಯ ಹತ್ತಿರ ಬರುತ್ತಿದ್ದರು. ಅತ್ತಿ ಹುಡುಗಿಯ ಮೋರೆ ನೋಡಿ, ಹುಡುಗನ ಬಗ್ಗೆ ಎರಡು ಮಾತು ಕೇಳಿ, ಸೆರಗಿನಿಂದ ಬಾಯೊರೆಸಿಕೊಂಡು, ಅಲ್ಲೇ ಒಂದು ಕಟ್ಟಿಕೊಡುತ್ತಿದ್ದಳು.

ನನ್ನ ಮದುವೆ ಗೊತ್ತಾಯಿತು. ಹುಡುಗ ಹುಲಿಹೈದರದವರು, ಹೆಸರು ವೀರೇಶ, ಗಂಗಾವತಿಯಲ್ಲಿ ನೌಕರಿ. ಅತ್ತಿಯ ಒಡಪುಗಳನ್ನೆಲ್ಲ ಬರೆದಿಡಬೇಕು ಎಂಬ ಆಸೆ ನನಗೆ ಮೊದಲಿನಿಂದ ಇತ್ತು. ಪೆನ್ನು ಹಿಡಿದು ಬರೆದುಕೊಂಡಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಕನ್ನಡ ಟೈಪಿಂಗ್ ಹೊಸದಾಗಿ ಕಲಿತ ಜಂಬ, ಬಿಡಬೇಕಲ್ಲ! ಶನಿವಾರ ಶಾಲೆ ಬಿಟ್ಟ ಮೇಲೆ ಅತ್ತಿಯನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗತೊಡಗಿದೆ. ಅಲ್ಲಿ ಮೊದಲ ದಿನವೇ ನಿಯಮ ಅಡ್ಡ ಬಂತು. ಮಾತಾಡುವಂತಿಲ್ಲ. ಬಾಯಿಬಿಡದೆ ಒಡಪು ಹೇಳುವುದು ಹೇಗೆ? ಶರಣಪ್ಪ ಸರ್ ಬಹಳ ಹೊತ್ತು ಬೋರ್ಡು ನೋಡಿ, "ಹಿಂಗ ಮಾಡ್ರಿ ಅಕ್ಕೋರ, ಮಾತಾಡಬಾರ್ದು ಅಂತ ಐತಿ, ಪದ ಹೇಳಬಾರ್ದು ಅಂತೇನೂ ಇಲ್ಲ" ಎಂದು ದಾರಿ ತೆಗೆದರು. ನಮ್ಮಲ್ಲಿ ಶಿಕ್ಷಕಿಯರನ್ನು ಕರೆಯುವುದು ಹಾಗೆಯೇ, ಅಕ್ಕೋರು ಎಂದು.

ಅತ್ತಿ ಶುರುಮಾಡಿದಳು.

"ಕಟ್ಟಿ ಮ್ಯಾಲ ಕುಂತು ಹುರಗಡ್ಲಿ ತಿಂತಾರ,
ಹೊಲಕ್ಕ ನಡೀರಿ ಅಂದ್ರ ಹೊಟ್ಟಿನೋವ ಅಂತಾರ,
ಊರಿಗೆಲ್ಲ ಹುಲಿ ಆಗಿ ಮೀಸಿ ತಿರುವತಾರ,
ಇಂಥವರು ಮನಿಗೆ ಬಂದ್ರ ನನಗ ಅಂಜತಾರ."

'ಇಂಥವರು' ಎಂಬಲ್ಲಿ ಹುಡುಗಿ ತನ್ನ ಗಂಡನ ಹೆಸರು ಹಾಕಿಕೊಳ್ಳಬೇಕು. ಹೊರಗಿನ ಮೇಜಿನಲ್ಲಿ ಪೇಪರ್ ಓದುತ್ತಿದ್ದ ಹಿರಿಯರ ಪೇಪರುಗಳು ಒಂದೊಂದಾಗಿ ಕೆಳಗಿಳಿದವು. ಯಾರೋ ಕಿಸಕ್ಕನೆ ನಕ್ಕರು. ಮುಂದಿನ ಶನಿವಾರದಿಂದ ನಾವು ಹೋಗುವ ಹೊತ್ತಿಗೆ ಗ್ರಂಥಾಲಯ ತುಂಬಿರುತ್ತಿತ್ತು, ಪುಟ ಮಗುಚುವ ಸದ್ದು ಮಾತ್ರ ಇರುತ್ತಿರಲಿಲ್ಲ. ಶರಣಪ್ಪ ಸರ್ ಕೂಡ ರಿಜಿಸ್ಟರು ನೋಡುವ ನೆವದಲ್ಲಿ ಬಾಗಿಲಿಗೆ ಆತು ನಿಂತಿರುತ್ತಿದ್ದರು. ಇಣುಕಬಾರದು ಎಂಬ ನಿಯಮ ಅವರದೇ, ಆದ್ದರಿಂದ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು.

ಕೊನೆಯ ಸಲ ಹೋದಾಗ ಅತ್ತಿ ನನಗೆಂದೇ ಒಂದು ಒಡಪು ಕಟ್ಟಿದಳು. ಟೈಪು ಮಾಡಿದೆ. ಆದರೆ ಟೈಪು ಮಾಡುವವಳಿಗೆ ಅಕ್ಷರಗಳು ಕಾಣುತ್ತವೆಯೇ ಹೊರತು ಪದ ಕಾಣುವುದಿಲ್ಲ. 'ಬುಟ್ಟಿ ತುಂಬ ರೊಟ್ಟಿ' ಎಂಬ ಮೊದಲ ತುಂಡು ಬಿಟ್ಟು ಮತ್ತೇನೂ ನನ್ನ ತಲೆಯಲ್ಲಿ ಉಳಿಯಲಿಲ್ಲ. ಕಾಗದಕ್ಕೆ ಇಳಿಸೋಣವೆಂದರೆ ಪ್ರಿಂಟರಿಗೆ ಶಾಯಿ ಬಂದಿರಲಿಲ್ಲ. ಫೈಲಿಗೆ 'ನೀಲಮ್ಮ' ಎಂದು ಹೆಸರಿಟ್ಟು, ನಿಶ್ಚಿಂತೆಯಿಂದ ಮನೆಗೆ ಬಂದೆ.

ಅದಾಗಿ ಕೆಲವೇ ದಿನಕ್ಕೆ ಅತ್ತಿಗೆ ಲಕ್ವಾ ಹೊಡೆಯಿತು. ಕೈಕಾಲು ಹೆಚ್ಚೇನೂ ಕೆಡಲಿಲ್ಲ, ಮಾತು ಹೋಯಿತು. ಏನು ಹೇಳಹೋದರೂ "ಅದ... ಅದ..." ಎಂದಷ್ಟೇ ಬರುತ್ತಿತ್ತು. ನೀರು ಬೇಕಾದರೂ ಅದ, ನಿದ್ದೆ ಬಂದರೂ ಅದ. ನನ್ನನ್ನು ಕಂಡಾಗ ಮಾತ್ರ ತನ್ನ ಬಾಯಿ ಮುಟ್ಟಿಕೊಂಡು, ನನ್ನ ಬೆರಳುಗಳನ್ನು ಹಿಡಿದು ಅಲುಗಾಡಿಸಿ, ಅದ, ಅದ ಎನ್ನುತ್ತಿದ್ದಳು. ಕಣ್ಣಲ್ಲಿ ನೀರು. ಟೈಪು ಮಾಡಿದ ಒಡಪುಗಳನ್ನು ಕೇಳುತ್ತಿದ್ದಾಳೆಂದು ನನಗೆ ತಡವಾಗಿ ಹೊಳೆಯಿತು. ಕೊಪ್ಪಳದ ಡಾಕ್ಟರು, "ಆಕಿಗೆ ಭಾಳ ಗೊತ್ತಿದ್ದ ಮಾತು ಕೇಳಸ್ಕೋತ ಇರ್ರಿ. ಹಾಡು, ಪದ, ಏನರ. ಅದರ ಬೆನ್ನು ಹತ್ತಿ ಮಾತು ತಿರುಗಿ ಬಂದ್ರೂ ಬರಬಹುದು" ಎಂದರು. ಅತ್ತಿಗೆ ಗೊತ್ತಿದ್ದ ಪದಗಳೆಲ್ಲ ಎಲ್ಲಿದ್ದವು? ಒಂದೇ ಒಂದು ಫೈಲಿನಲ್ಲಿ, ಒಂದೇ ಒಂದು ಕಂಪ್ಯೂಟರಿನಲ್ಲಿ.

ಶನಿವಾರ ಬರುವುದೇ ತಡ, ಓಡಿದೆ. ಗ್ರಂಥಾಲಯದ ಸಣ್ಣ ಕೋಣೆಯ ಬಾಗಿಲಲ್ಲಿ ದೊಡ್ಡ ವಾದ ನಡೆದಿತ್ತು. ಕಂಪ್ಯೂಟರ್ ನಿಧಾನವಾಗಿದೆಯೆಂದು ಸರ್ ಬರೆದು ಹಾಕಿದ್ದರಂತೆ, ಅದನ್ನು ಸರಿಮಾಡಲು ಒಬ್ಬ ಮೆಕ್ಯಾನಿಕ್ ಬಂದಿದ್ದ. ಕಾಲಲ್ಲಿ ಮೊಣಕಾಲ ಹತ್ತಿರದವರೆಗೆ ಲೇಸು ಬಿಗಿದ ಬೂಟು. ಸರ್ ಬಾಗಿಲಿಗೆ ಅಡ್ಡ ಕೈಯಿಟ್ಟು ನಿಂತಿದ್ದರು.

"ಸರ್, ಐದು ನಿಮಿಷದ ಕೆಲ್ಸ ಐತ್ರಿ. ಡಿಸ್ಕ್ ತುಂಬೇತಿ, ಆ ರಿಸೈಕಲ್ ಬಿನ್ ಖಾಲಿ ಮಾಡಿದ್ರ ಅರ್ಧ ಮುಗೀತು. ಬೂಟ್ ಬಿಚ್ಚಿ ಹಾಕ್ಕೊಳ್ಳಾಕ ಅದಕ್ಕಿಂತ ಹೊತ್ತು ಹಿಡೀತೈತಿ."

"ಹಿಡೀಲಿ. ರಾಶಿ ಹಾಕಿದ ಕಣದಾಗ ಯಾರರ ಬೂಟ್ ಹಾಕ್ಕೊಂಡ ಬರ್ತಾರೇನಪಾ? ಇದರಾಗ ಊರ ಮಂದಿ ಬರದದ್ದೈತಿ. ಇದೂ ರಾಶಿನ."

ನನಗೆ ತಡೆಯಲಾಗಲಿಲ್ಲ. ಮೆಕ್ಯಾನಿಕ್ ಬೇಗ ಮುಗಿಸಿ ಹೋದರೆ ನಾನು ಬೇಗ ಕೂಡಬಹುದು. "ಬಿಡ್ರಿ ಸರ್, ಇದೊಂದ ಸಲ" ಎಂದೆ. ಕೇಳಿಸಿಕೊಂಡಿರಲ್ಲ, ನಾನೇ ಹೇಳಿದೆ! ಆ ಮಾತು ನೆನಪಾದರೆ ಇಂದಿಗೂ ಬೆನ್ನಲ್ಲಿ ಚಳಿ ಏಳುತ್ತದೆ. ಸರ್ ನನ್ನ ಕಡೆ ನೋಡಿ, "ಅಕ್ಕೋರ, ಸಾಲಿ ಕಲಸೋರು ನೀವ ಹಿಂಗಂದ್ರ ಹೆಂಗ್ರಿ?" ಎಂದರು. ಕೈ ತೆಗೆಯಲಿಲ್ಲ. ಮೆಕ್ಯಾನಿಕ್ ಸಿಡಿಮಿಡಿಗೊಂಡು, "ನಾ ಚಾ ಕುಡದ್ ಬರ್ತೀನಿ, ನೀವು ವಿಚಾರ ಮಾಡ್ರಿ" ಎಂದು ಹೋಟೆಲಿನ ಕಡೆ ನಡೆದ.

ನಾನು ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೂತೆ. ನೋಡುತ್ತೇನೆ, 'ನೀಲಮ್ಮ' ಇಲ್ಲ. ಇದ್ದ ಜಾಗದಲ್ಲಿ ಇಲ್ಲ, ಅಕ್ಕಪಕ್ಕ ಇಲ್ಲ, ಎಲ್ಲೂ ಇಲ್ಲ.

"ಸರ್, ಅತ್ತಿ ಒಡಪಿನ ಫೈಲ್ ಎಲ್ಲೈತ್ರಿ?"

"ಅದನ್ನ ನಾನ ತಗದೀನ್ರಿ."

ಈ 'ತೆಗಿ' ಎಂಬ ಮಾತಿಗೆ ಒಂದೇ ಅರ್ಥವಿಲ್ಲ. ನಮ್ಮಲ್ಲಿ ಬಾಗಿಲು ತೆಗಿ ಎಂದರೆ ತೆರೆ ಎಂದು. ಕಸ ತೆಗಿ ಎಂದರೆ ಎತ್ತಿ ಹೊರಗೆ ಹಾಕು ಎಂದು. ಇದೇ ತಗಡಿನ ಬೋರ್ಡಿನಲ್ಲಿ 'ಬೇರೆಯವರ ಫೈಲು ತೆಗೆಯುವಂತಿಲ್ಲ' ಎಂದು ಓದಿದ ಮಕ್ಕಳು, ತೆರೆಯಬಾರದೋ ಅಳಿಸಬಾರದೋ ಎಂದು ಜಗಳಾಡಿದ್ದನ್ನು ಕಂಡು ನಾನು ನಕ್ಕಿದ್ದೆ. ಈಗ ಆ ಜಗಳ ನನ್ನ ಎದೆಗೇ ಬಂತು.

"ತಗದೀನಿ ಅಂದ್ರ? ಏನ್ ಮಾಡೀರಿ ಸರ್? ನಮ್ಮತ್ತಿ ಬಾಯಾಗ ಈಗ ಒಂದ್ ಮಾತಿಲ್ರಿ. ಇದ್ದದ್ದೆಲ್ಲಾ ಅದರಾಗ ಇತ್ತು!" ಎಂದೆ. ಮಾತಾಡಬಾರದೆಂಬ ನಿಯಮ ಮರೆತು ಕೂಗಿಯೇಬಿಟ್ಟಿದ್ದೆ.

ಸರ್ ಗಾಬರಿಯಾದರು. "ಅಯ್ಯ, ಅಳಬ್ಯಾಡ್ರಿ ಅಕ್ಕೋರ! ತಗದಿಟ್ಟೀನಿ ಅಂದೆ. ನಿಮ್ಮತ್ತಿಗೆ ಹಿಂಗಾತು ಅಂತ ಕೇಳಿದೆ. ಇನ್ನ ಅದು ಮ್ಯಾಲ ಇರಬಾರ್ದು, ಯಾರರ ಕೈ ಹಚ್ಯಾರು ಅನಸ್ತು. ಭದ್ರ ಇರ್ಲಿ ಅಂತ ಬುಟ್ಟ್ಯಾಗ ಇಟ್ಟೀನ್ರಿ."

"ಯಾವ ಬುಟ್ಟಿ?"

ಅವರು ತೆರೆಯ ಮೂಲೆಯ ಮೇಲೆ ಬೆರಳಿಟ್ಟರು. "ಇದರಾಗ. ಛಲೋ ಛಲೋ ಫೈಲೆಲ್ಲಾ ಇದರಾಗನ ಇಡೋದು ನಾ. ಬುಟ್ಟಿಗೆ ಕಳಿಸ್ಲೇನು ಅಂತ ಅದ ಕೇಳತೈತಿ, ನಾ ಹೂಂ ಅಂತೀನಿ. ಯಾರರ ಬಂದು ಕೇಳಿದ್ರ ಹೊರಗ ತಗದು ಕೊಡತೀನಿ."

ನಮ್ಮ ಕಡೆಯ ಅಡಿಗೆಮನೆ ನೋಡಿದವರಿಗೆ ಇದು ಅರ್ಥವಾಗುತ್ತದೆ. ನಮ್ಮಲ್ಲಿ ಬುಟ್ಟಿ ಎಂದರೆ ಮೊದಲು ನೆನಪಾಗುವುದು ರೊಟ್ಟಿ ಬುಟ್ಟಿ. ಬಡಿದ ಜೋಳದ ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು ಬಟ್ಟೆ ಮುಚ್ಚಿದರೆ ಮನೆಯವಳಿಗೆ ನಿಶ್ಚಿಂತೆ. ಆ ಬುಟ್ಟಿಯನ್ನು ಯಾರೂ ಪೂರ್ತಿ ಬರಿದು ಮಾಡುವುದಿಲ್ಲ, ಒಂದಾದರೂ ರೊಟ್ಟಿ ಬಿಟ್ಟಿರುತ್ತಾರೆ. ನನ್ನ ಅವ್ವ ಈಗಲೂ ಹಾಗೆಯೇ ಮಾಡುತ್ತಾಳೆ. ಬೋರ್ಡಿನ ಕೊನೆಯ ನಿಯಮ ದ್ಯಾಮವ್ವನಿಗೆ ಬರೆದದ್ದಾಗಿರಲಿಲ್ಲ.

"ಸರ್" ಎಂದೆ, ಮೆಲ್ಲಗೆ, "ಇದು ಕಸದ ಬುಟ್ಟಿ ಐತ್ರಿ. ಬ್ಯಾಡಾದದ್ದು ಹಾಕೋದು. ಆ ಮೆಕ್ಯಾನಿಕ್ ರಿಸೈಕಲ್ ಬಿನ್ ಖಾಲಿ ಮಾಡ್ತೀನಿ ಅಂದದ್ದು ಇದನ್ನ."

ಸರ್ ಮುಖದ ಬಣ್ಣ ಇಳಿದುಹೋಯಿತು. ಅವರು ಬಾಗಿಲ ಕಡೆ ನೋಡಿದರು, ನಾನೂ ನೋಡಿದೆ. ಆಮೇಲೆ ಇಬ್ಬರೂ ಕೆಲಸಕ್ಕೆ ಬಿದ್ದೆವು. ಅವರು ಹೆಸರು ಓದುವುದು, ನಾನು ಒಂದೊಂದನ್ನೇ ಹೊರಗೆ ಎಳೆಯುವುದು. ಮೊದಲು ಬಂದದ್ದೇ ನೀಲಮ್ಮತ್ತಿ. ತೆರೆದು ನೋಡಿದೆ. ಕಟ್ಟೆಯ ಮೇಲೆ ಕೂತು ಹುರಿಗಡಲೆ ತಿನ್ನುವ ಗಂಡ ಅಲ್ಲೇ ಇದ್ದ, ಆರಾಮವಾಗಿ. ನನಗೆ ಉಸಿರು ಬಂತು. ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದೆ. ಅವಳ ಹಿಂದೆ ಯುವಕ ಸಂಘದ ನಾಟಕ ಬಂತು, ಭಜನಾ ಮಂಡಳಿಯ ಪದಗಳು ಬಂದವು, ಹುಲಿಗಿಗೆ ಪಾದಯಾತ್ರೆ ಹೋಗುವವರ ಹೆಸರುಗಳು ಬಂದವು, ಯಾರದೋ ಮಗಳ ಮದುವೆ ಆಮಂತ್ರಣ ಬಂತು. ಊರು ಸಾಲುಗಟ್ಟಿ ಬುಟ್ಟಿಯಿಂದ ಹೊರಗೆ ಬಂದಿತು.

ಕೊನೆಯದನ್ನು ಎಳೆದು ಮುಗಿಸುವುದಕ್ಕೂ ಮೆಕ್ಯಾನಿಕ್ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಈಗ ಬರಿಗಾಲಲ್ಲಿದ್ದ. ಕಾಲುಚೀಲ ಅಂಗಿಯ ಜೇಬಿನಿಂದ ಇಣುಕುತ್ತಿತ್ತು, ಅದರ ತುದಿಯಲ್ಲಿ ಹೆಬ್ಬೆರಳು ಹೊರಬರುವಷ್ಟು ದೊಡ್ಡ ತೂತು. ಅಷ್ಟು ಹೊತ್ತಿನ ವಾದ ಯಾಕೆಂದು ಆಗ ತಿಳಿಯಿತು. ಆ ತೂತಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಅವನು ಕೂತು, ಬುಟ್ಟಿ ತೆರೆದು, "ಇದರಾಗ ಏನೂ ಇಲ್ಲಲ್ರಿ!" ಎಂದ. ಮತ್ತೇನೇನೋ ಒತ್ತಿ, ಒರೆಸಿ, ಹೋದ.

ಅವನು ಹೋದ ಮೇಲೆ ಸರ್ ಬಹಳ ಹೊತ್ತು ಆ ಖಾಲಿ ಬುಟ್ಟಿಯನ್ನೇ ನೋಡುತ್ತ ಕೂತರು. ಕಸದ ಬುಟ್ಟಿಯೆಂದು ಈಗ ಗೊತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಒಂದೊಂದೇ ಗುಂಡಿ ಹುಡುಕಿ ಒಂದು ಹೊಸ ಫೈಲು ಮಾಡಿದರು, 'ರೊಟ್ಟಿ' ಎಂದು ಹೆಸರಿಟ್ಟರು, ಎಳೆದುಕೊಂಡು ಹೋಗಿ ಬುಟ್ಟಿಯಲ್ಲಿಟ್ಟರು. "ಹಿಂಗ ಬರಿದ ಬಿಡಬಾರ್ದ್ರಿ" ಎಂದು ನನ್ನ ಕಡೆ ನೋಡಿ ಸಣ್ಣಗೆ ನಕ್ಕರು. ಆ ಬೋರ್ಡಿನ ಬಗ್ಗೆ ನಾನು ಮತ್ತೆಂದೂ ಸ್ಟಾಫ್ ರೂಮಿನಲ್ಲಿ ಬಾಯಿಬಿಡಲಿಲ್ಲ.

ಅಂದು ಅಲ್ಲೇ ಕೂತು ಎಲ್ಲ ಒಡಪುಗಳನ್ನೂ ಪೆನ್ನಿನಿಂದ ಬರೆದುಕೊಂಡೆ. ಮದುವೆಯವರೆಗೂ ದಿನಾ ಸಂಜೆ ಅತ್ತಿಗೆ ಓದಿ ಹೇಳಿದೆ. ನಗುವ ಜಾಗದಲ್ಲಿ ಅವಳು ನಗುತ್ತಿದ್ದಳು. ನಾನು ಎಲ್ಲಾದರೂ ತಪ್ಪಿ ಓದಿದರೆ ತಲೆಯಲ್ಲಾಡಿಸಿ, ಅದ, ಅದ ಎಂದು ಗದರುತ್ತಿದ್ದಳು. ಮಾತು ಮಾತ್ರ ಬರಲಿಲ್ಲ. ಡಾಕ್ಟರು ಸಮಾಧಾನಕ್ಕೆ ಹೇಳಿರಬೇಕು ಎಂದುಕೊಂಡೆ.

ಮದುವೆಯಾಯಿತು. ಹುಲಿಹೈದರದ ಮನೆಯ ಮುಂದೆ ಗಾಡಿ ಇಳಿದಾಗ ಹೊಸ್ತಿಲ ತುಂಬ ಹೆಂಗಸರು. ನನ್ನ ಹಿಂದೆ ತವರಿನವರು, ಅವರ ನಡುವೆ ಕುರ್ಚಿಯಲ್ಲಿ ನೀಲಮ್ಮತ್ತಿ. "ಹೆಸರ ಹೇಳಬೇಕ ನೋಡವಾ, ಇಲ್ಲಂದ್ರ ಇಲ್ಲೇ ಹೊರಗ!" ಎಂದು ಒಬ್ಬಾಕೆ ನನ್ನ ಸೆರಗು ಹಿಡಿದಳು. ನಾನು ಗಂಟಲು ಸರಿಮಾಡಿಕೊಂಡೆ.

"ಬುಟ್ಟಿ ತುಂಬ ರೊಟ್ಟಿ, ಗಡಿಗಿ ತುಂಬ ಮಸರ,
ಬಾಯಿ ತುಂಬ ಹೇಳತೀನಿ ವೀರೇಶನ ಹೆಸರ.
ಹೊಸ್ತಿಲ ಬಿಟ್ಟು ಸರೀರಿ, ಹಿಡೀಬ್ಯಾಡ್ರಿ ಸೆರಗ,
ಹೆಸರ ಹೇಳೀನಂದ ಮ್ಯಾಲ..."

ಅಲ್ಲಿಗೆ ನಿಂತೆ. ದಿನಾ ಓದಿದ್ದೇ, ಬಾಯಿಪಾಠವಾದದ್ದೇ. ಅಷ್ಟು ಮಂದಿಯ ಕಣ್ಣು ನನ್ನ ಮೇಲಿದ್ದುದಕ್ಕೋ ಏನೋ, ಮುಂದಿನದು ಹಾರಿಹೋಯಿತು. ಹೆಂಗಸರು ಮುಸಿಮುಸಿ ನಗತೊಡಗಿದರು.

"ಬಿಡಬೇಕ ಒಳಗ."

ಹಿಂದಿನಿಂದ ಬಂದ ದನಿ. ಸ್ವಲ್ಪ ಒಡೆದಿತ್ತು, ಆದರೆ ಒಂದಕ್ಷರವೂ ಜಾರಿರಲಿಲ್ಲ. ತಿರುಗಿ ನೋಡಿದೆ. ನೀಲಮ್ಮತ್ತಿ ಕುರ್ಚಿಯಿಂದ ಅರ್ಧ ಎದ್ದು, ಹೊಸ್ತಿಲ ಹೆಂಗಸರ ಕಡೆ ಕೈ ಚಾಚಿ, ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಳು.

"ಬಿಡಬೇಕ ಒಳಗ!"

ನನ್ನ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಸೆರಗು ಹಿಡಿದಾಕೆ ಕೈ ಬಿಟ್ಟಳು. ಹೊಸ್ತಿಲ ಹೆಂಗಸರು ಎರಡೂ ಬದಿಗೆ ಸರಿದು ದಾರಿ ಕೊಟ್ಟರು. "ಬಲಗಾಲಿಡವಾ, ಬಲಗಾಲು" ಎಂದು ಯಾರೋ ಹೇಳಿದ್ದು ಕೇಳಿಸಿತು. ಯಾವ ಕಾಲಿಟ್ಟೆನೋ ನನಗೆ ಇಂದಿಗೂ ಗೊತ್ತಿಲ್ಲ. ನಾನು ಅತ್ತಿಯನ್ನೇ ನೋಡುತ್ತಿದ್ದೆ.